ತಗಡಿನ ಮೇಲೆ ಎರಡು ಏಟು

ನಾನು ಹೇಳುವ ಯಾವ ಮಾತನ್ನಾದರೂ ಅರ್ಧ ಕಳೆದೇ ಕೇಳಬೇಕು ಅಂತ ನಮ್ಮ ಮನೆಯವರು ತೀರ್ಮಾನ ಮಾಡಿ ಬಹಳ ಕಾಲವಾಯಿತು. ತಪ್ಪಿಲ್ಲ ಬಿಡಿ. ತಂಗಿಯ ಮದುವೆ ಕೇಕಿನೊಳಗೆ ಜೀವಂತ ಕಪ್ಪೆ ಇಟ್ಟವನ ಮಾತನ್ನು ಯಾರು ಪೂರ್ತಿ ನಂಬುತ್ತಾರೆ? ಆದರೆ ಇದು ನನ್ನದಲ್ಲ. ನನ್ನ ಚಿಕ್ಕಪ್ಪನ ಮಗ ವೆರ್ಲಿನ್‌ಗೆ ಆದದ್ದು. ಅರ್ಧ ಅವನ ಬಾಯಿಂದ ಕೇಳಿದ್ದು, ಉಳಿದರ್ಧ ಅಲ್ಲಿದ್ದ ಅವನ ಗೆಳೆಯನ ಹೆಂಡತಿ ಲವೋನ್ ಹೇಳಿದ್ದು. ಇದರಲ್ಲಿ ಏನೂ ಕಳೆಯಬೇಡಿ. ಆ ದೀಪ ಬೇಕಾದರೆ ಈಗಲೇ ಆರಿಸಿಬಿಡಿ... ಆಮೇಲೆ ಆರಿಸೋಕೆ ನೀವ್ಯಾರೂ ಏಳೋದಿಲ್ಲ.

ಕೆಲವು ವರ್ಷದ ಹಿಂದಿನ ಒಂದು ಬೇಸಿಗೆ. ಟಾಮರಾಕ್ ಕೆರೆಯ ಪಾರ್ಕು, ಬೇಸಿಗೆಗೆ ಜನ ಬಂದು ಬಿಡಾರ ಹೂಡುವ ಜಾಗ. ರಾತ್ರಿ ಹತ್ತು ದಾಟಿತ್ತು. ಹತ್ತಾದ ಮೇಲೆ ಅಲ್ಲಿ ಯಾರೂ ದನಿ ಎತ್ತುವ ಹಾಗಿಲ್ಲ. ಎತ್ತಿದರೆ ಪಾರ್ಕು ಕಾಯುವ ರೇಂಜರ್ ಬಂದು ಬೈಯುವ ಮೊದಲೇ ಅಕ್ಕಪಕ್ಕದವರು ಪರದೆ ಸರಿಸಿ ನೋಡುತ್ತಾರೆ. ಆ ನೋಟಕ್ಕಿಂತ ಬೈಗುಳವೇ ವಾಸಿ. ಬೆಂಕಿಯ ಸುತ್ತ ಕೂತಿದ್ದವರೆಲ್ಲ ಎದ್ದು, ಮಡಿಸುವ ಕುರ್ಚಿಗಳನ್ನು ಬಗಲಿಗೆ ಸಿಕ್ಕಿಸಿಕೊಂಡು, ತಮ್ಮ ತಮ್ಮ ಮನೆಗಾಡಿಗಳ ಕಡೆ ಹೊರಟಿದ್ದರು. ಮನೆಗಾಡಿ ಅಂದರೆ ಪಿಕಪ್ ಲಾರಿಯ ಬಾಲಕ್ಕೆ ಸಿಕ್ಕಿಸಿ ಎಳೆದುಕೊಂಡು ಹೋಗುವುದು. ಒಳಗೆ ಮಂಚ, ಒಲೆ, ಕಕ್ಕಸು, ಎಲ್ಲ ಉಂಟು. ಹೊರಗೆ ಬರೀ ತಗಡು.

ವೆರ್ಲಿನ್ ಮತ್ತು ಅವನ ಹಳೇ ಗೆಳೆಯ ಮರ್ಲ್ ಒಟ್ಟಿಗೆ ನಡೆಯುತ್ತಿದ್ದರು. ದಾರಿಯಲ್ಲಿ ಒಂದು ಕೈಪಂಪು ಇದೆ, ಪಾರ್ಕು ಹುಟ್ಟುವ ಮೊದಲಿಂದಲೂ ಇದ್ದದ್ದು. ಅದರ ಮೇಲೆ ಒಂದು ಮುದಿ ಕಾಟನ್‌ವುಡ್ ಮರ. ಗಾಳಿಯೇ ಇಲ್ಲದಿದ್ದರೂ ಆ ಮರದ ಎಲೆ ಪಟಪಟ ಅನ್ನುತ್ತಿರುತ್ತದೆ, ಯಾರೋ ಎದ್ದು ಹೋದ ಸಭೆಯಲ್ಲಿ ಉಳಿದವರು ಗುಸುಗುಸು ಮಾಡುವ ಹಾಗೆ. ಪಂಪಿನ ಮೂತಿಯಿಂದ ಕಲ್ಲಿನ ಮೇಲೆ ಒಂದೊಂದೇ ಹನಿ... ತೊಟಕ್... ತೊಟಕ್... ದೂರದಲ್ಲಿ ಕೆರೆಯ ಮೇಲೆ ಲೂನ್ ಹಕ್ಕಿ ಒಮ್ಮೆ ಅತ್ತು ಸುಮ್ಮನಾಯಿತು.

"ವೆರ್ಲಿನ್," ಮರ್ಲ್ ಪಿಸುಗುಟ್ಟಿದ, "ಇವತ್ತಂತೂ ನಗಿಸಿ ನಗಿಸಿ ಸಾಯಿಸಿಬಿಟ್ಟೆ ಕಣೋ. ಆ ನಲ್ಲಿ ಕತೆ ವರ್ಷದಿಂದ ವರ್ಷಕ್ಕೆ ರುಚಿ ಏರ್ತಾ ಇದೆ."

"ಹೂಂ."

"ಆ ಅಳಿಲು ಹೊಸದು, ಅಲ್ವಾ? ಹೋದ ವರ್ಷ ಅಳಿಲು ಇರಲಿಲ್ಲ."

"ಇತ್ತು."

"ಇರಲಿಲ್ಲ ಕಣಯ್ಯಾ. ಹೋದ ವರ್ಷ ಮರಕುಟಿಗ."

ಆಗ ಕೇಳಿಸಿತು.

ಟಪ್... ಟಪ್.

ಇಬ್ಬರೂ ನಿಂತರು. ಕಾಯಿ ಬಿದ್ದ ಸದ್ದಲ್ಲ. ಕೊಂಬೆ ಉಜ್ಜಿದ ಸದ್ದೂ ಅಲ್ಲ. ಬರಿಯ ಅಂಗೈ ತಗಡಿಗೆ ಬಿದ್ದರೆ ಮೊದಲು ಚಪ್ಪಟೆಯಾಗಿ ಒಂದು ಏಟು, ಅದರ ಬೆನ್ನಿಗೇ ಪೊಳ್ಳು ಡೊಳ್ಳಿನ ಹಾಗೆ ಒಂದು ಗುಮ್ಮು, ಆಮೇಲೆ ಒಳಗಿನ ಗೂಡಿನಲ್ಲಿ ಲೋಟ ಲೋಟಕ್ಕೆ ತಾಗಿ ಸಣ್ಣಗೆ... ಕಿಣ್. ಲೋಟದ ಕಿಣ್ ಕೂಡ ಕೇಳಿಸುವಷ್ಟು ಹತ್ತಿರ ಅಂದ ಮೇಲೆ ಯಾರ ಗಾಡಿ ಅಂತ ಅನುಮಾನ ಉಳಿಯುವುದಿಲ್ಲ. ಎದುರಿಗೇ ನಿಂತಿತ್ತು. ವೆರ್ಲಿನ್‌ನದೇ.

"ಯಾರೋ ನಿನ್ನ ಗಾಡಿಗೆ ಹೊಡೀತಿದಾರೆ," ಅಂದ ಮರ್ಲ್.

"ಕಾಯಿ ಬಿದ್ದಿರಬೇಕು."

"ಎರಡೆರಡಾಗಿ ಬೀಳ್ತವಾ?"

ವೆರ್ಲಿನ್ ಗಾಡಿಯ ಕಡೆಯೇ ನೋಡಿದ.

"ನಿನ್ನ ಆ ತರಲೆ ಅಣ್ಣ ಬಂದಿದಾನೇನೋ," ಅಂದ ಮರ್ಲ್. ತರಲೆ ಅಣ್ಣ ಅಂದರೆ ನಾನು. ಇಲ್ಲೇ ಹೇಳಿಬಿಡುತ್ತೇನೆ: ಆ ದಿನ ನಾನು ಇನ್ನೂರು ಮೈಲಿ ಆಚೆ, ಹಲ್ಲು ಕೀಳಿಸಿಕೊಂಡು, ಕೆನ್ನೆ ಊದಿಸಿಕೊಂಡು ಮಲಗಿದ್ದೆ. ಸಾಕ್ಷಿ ಬೇಕಾದರೆ ಹಲ್ಲು ಇಟ್ಟುಕೊಂಡಿದ್ದೇನೆ.

ಮರ್ಲ್ ಹಲ್ಲು ಕಿರಿದು ತನ್ನ ಗಾಡಿಯ ಕಡೆ ತಿರುಗಿದ. ವೆರ್ಲಿನ್ ಒಬ್ಬನೇ ಕೈಪಂಪಿನ ಹತ್ತಿರ ನಿಂತ. ಅವನಿಗೆ ಆ ಸದ್ದು ಗೊತ್ತಿತ್ತು. ಅಂದು ಸಂಜೆಯೇ ಒಮ್ಮೆ ಕೇಳಿದ್ದ.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಿಂದಕ್ಕೆ ಹೋಗುವುದೇ ಈ ಕತೆಯ ಕಷ್ಟ.

ಮನೆಗಾಡಿಯನ್ನು ಮುಂದಕ್ಕೆ ಎಳೆಯುವುದನ್ನು ಯಾವ ಕತ್ತೆಯಾದರೂ ಮಾಡೀತು. ಮರಗಳ ನಡುವೆ, ಇಕ್ಕಟ್ಟಿನ ಜಾಗಕ್ಕೆ, ಹಿಮ್ಮುಖವಾಗಿ ತೂರಿಸಿ ನಿಲ್ಲಿಸುವುದಿದೆಯಲ್ಲ, ಅಲ್ಲಿ ಗಂಡಸರ ಮಾನ ಹೋಗುವುದು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಗಾಡಿ ಬಲಕ್ಕೆ ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಹಿಂದೆ ಏನಿದೆ ಅಂತ ಕಾಣಿಸುವುದಿಲ್ಲ. ಮೊದಲೇ ಬಂದು ತಳವೂರಿದವರೆಲ್ಲ ಕುರ್ಚಿ ತಿರುಗಿಸಿಕೊಂಡು, ಬಿಯರ್ ಹಿಡಿದು, ನಾಟಕ ನೋಡಿದ ಹಾಗೆ ನೋಡುತ್ತಾರೆ. ಅದಕ್ಕೇ ಹೆಂಡತಿ ಹಿಂದೆ ನಿಲ್ಲಬೇಕು. ಬಾ ಬಾ ಅಂತ ಕೈ ಬೀಸಬೇಕು. ಕತ್ತಲಾದ ಮೇಲೆ ಕೈ ಕಾಣಿಸುವುದಿಲ್ಲ, ಕೂಗುವ ಹಾಗೂ ಇಲ್ಲ. ಆಗ ಅಂಗೈಯಿಂದ ಹಿಂದಿನ ತಗಡಿಗೆ ಎರಡು ಏಟು. ಟಪ್ ಟಪ್. ಹಾಗೆಂದರೆ ನಿಲ್ಲಿಸು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತು.

ವೆರ್ಲಿನ್‌ಗೆ ಹಾಗೆ ಹಿಂದೆ ನಿಲ್ಲುತ್ತಿದ್ದವಳು ಆರ್ಡಿಸ್. ಕುಳ್ಳಿ. ಸದಾ ತೋಳು ಮೇಲಕ್ಕೆ ಮಡಿಸಿಕೊಂಡಿರುವ ಹೆಂಗಸು. ಸಣ್ಣ ಕೈ, ಆದರೆ ಅವಳು ಹೊಡೆದರೆ ತಗಡು ಮಾತಾಡುತ್ತಿತ್ತು.

ಎಷ್ಟೋ ವರ್ಷಗಳ ಹಿಂದೆ, ಇದೇ ಪಾರ್ಕಿನಲ್ಲಿ, ಒಂದು ಮುಸ್ಸಂಜೆ, ವೆರ್ಲಿನ್ ಗಾಡಿಯನ್ನು ಹಿಂದಕ್ಕೆ ಬಿಟ್ಟ. ಹಿಂದೆ ನೀರಿನ ನಲ್ಲಿ ಕಂಬ. ಗಾಡಿ ಹೋಗಿ ಅದಕ್ಕೆ ಗುದ್ದಿತು. ಕಂಬ ಬುಡದಲ್ಲೇ ಮುರಿಯಿತು. ನೀರು ಮರದೆತ್ತರ ಚಿಮ್ಮಿ ಆರ್ಡಿಸ್ ತಲೆಯಿಂದ ಕಾಲಿನವರೆಗೆ ತೊಯ್ದಳು. ಜನ ಸೇರಿದರು. ನಕ್ಕರು. "ಏನೋ ವೆರ್ಲಿನ್, ಅವಳು ಹೊಡೀಲಿಲ್ವೇನೋ?" ಅಂತ ಯಾರೋ ಕೇಳಿದರು.

"ಹೊಡೀಲೇ ಇಲ್ಲ!" ಅಂದ ವೆರ್ಲಿನ್.

ಎಲ್ಲರೂ ಆರ್ಡಿಸ್ ಕಡೆ ತಿರುಗಿದರು. ಅವಳು ಒದ್ದೆ ಕೂದಲು ಹಿಂದಕ್ಕೆ ತಳ್ಳಿಕೊಂಡಳು. ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. "ಮರೆತುಬಿಟ್ಟೆ," ಅಂದಳು.

ಅಷ್ಟೇ. ಆ ರಾತ್ರಿಯೇ ಬೆಂಕಿಯ ಮುಂದೆ ಅದು ಕತೆಯಾಯಿತು. ಮುಂದಿನ ಬೇಸಿಗೆಗೆ ದೊಡ್ಡ ಕತೆಯಾಯಿತು. ವೆರ್ಲಿನ್ ಕತೆ ಹೇಳುವುದರಲ್ಲಿ ನನಗೇನೂ ಕಡಿಮೆಯಿಲ್ಲ. ಅವನ ಕತೆಯಲ್ಲಿ ಆರ್ಡಿಸ್ ಹಿಂದೆ ನಿಂತು ಮರಕುಟಿಗ ನೋಡುತ್ತಿದ್ದಳು, ಬಾಯಿ ಬಿಟ್ಟುಕೊಂಡು, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು! ಅವಳು ನಿಂತ ಭಂಗಿ, ನೀರು ಚಿಮ್ಮಿದಾಗ ಹಾಕಿದ ಕೂಗು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆರ್ಡಿಸ್ ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನದ ಮನೆಗೆ ಹೊರಟರೆ ಸಾಕು, ಯಾವುದೋ ಕುರ್ಚಿಯಿಂದ ಎರಡು ಚಪ್ಪಾಳೆ ಬೀಳುತ್ತಿತ್ತು. ಚಟ್ ಚಟ್. "ಆರ್ಡಿಸ್, ನೆನಪಿದೆಯೇನಮ್ಮಾ?" ಅವಳು ನಗುತ್ತಿದ್ದಳು. ವರ್ಷ ವರ್ಷವೂ ನಕ್ಕಳು.

ಆ ಬೇಸಿಗೆಗೆ ಮೊದಲಿನ ಚಳಿಗಾಲ ಆರ್ಡಿಸ್ ಹೋಗಿಬಿಟ್ಟಳು. ರಾತ್ರಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹ್ಯಾಮ್ ಇಟ್ಟ ಬ್ರೆಡ್ಡು, ಕಾಫಿ. ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ಆ ಮೌನ ವೆರ್ಲಿನ್‌ಗೆ ತಡೆಯಲಾಗಲಿಲ್ಲ. ಎದ್ದು ನಿಂತು ನಲ್ಲಿ ಕತೆ ಹೇಳಿದ. ಜನ ಅಳುತ್ತಲೇ ನಕ್ಕರು. ಹಿಂದಿನ ಮೇಜಿನಿಂದ ಯಾರೋ ಮೆಲ್ಲಗೆ ಎರಡು ಚಪ್ಪಾಳೆ ತಟ್ಟಿದರು. ಪ್ರೀತಿಯಿಂದಲೇ ತಟ್ಟಿದ್ದು. ವೆರ್ಲಿನ್ ಕೂತುಕೊಂಡ. ತಟ್ಟೆಯ ಬ್ರೆಡ್ಡನ್ನು ಪಕ್ಕಕ್ಕೆ ಸರಿಸಿದ.

ಯಾಕೆಂದರೆ ಆರ್ಡಿಸ್ ಹೊಡೆದಿದ್ದಳು.

ಎರಡು ಏಟಲ್ಲ, ಮತ್ತೆ ಮತ್ತೆ ಹೊಡೆದಿದ್ದಳು. ಅವನಿಗೆ ಕೇಳಿಸಿತ್ತು. ಆ ದಿನ ದಾರಿಯಲ್ಲಿ ತಿರುವು ತಪ್ಪಿದ್ದಕ್ಕೆ ಇಬ್ಬರಿಗೂ ಜಗಳವಾಗಿತ್ತು. "ನಾನಿಲ್ಲದಿದ್ದರೆ ನಿನಗೆ ಗಾಡಿ ನಿಲ್ಲಿಸೋಕೂ ಆಗಲ್ಲ" ಅಂದಿದ್ದಳು. ಏಟು ಕೇಳಿಸಿದಾಗ ಅವನು, ಎಷ್ಟು ಜಾಗ ಇದೆ ಅಂತ ನನಗೂ ಗೊತ್ತು, ಅಂದುಕೊಂಡು ಇನ್ನಷ್ಟು ಒತ್ತಿದ. ಅಷ್ಟೇ ನಡೆದದ್ದು. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇಬ್ಬರೇ ಇದ್ದಾಗ ಒಂದು ದಿನವೂ ಅದರ ಮಾತು ಬರಲಿಲ್ಲ.

ಹೀಗೆ ಆ ಬೇಸಿಗೆ ಅವನು ಒಬ್ಬನೇ ಬಂದ. ಸಂಜೆ ಗಾಡಿಯನ್ನು ಹಿಂದಕ್ಕೆ ಬಿಡುತ್ತಿದ್ದಾಗ... ಟಪ್ ಟಪ್. ಅಭ್ಯಾಸ ಬಲ, ಬ್ರೇಕ್ ಒತ್ತಿದ. ಇಳಿದು ಹಿಂದೆ ಹೋಗಿ ನೋಡಿದರೆ ಯಾರೂ ಇಲ್ಲ. ಗಾಡಿಗೂ ಒಂದು ಕೊಯ್ದ ಮರದ ಬೊಡ್ಡೆಗೂ ನಡುವೆ ಒಂದು ಗೇಣು ಜಾಗ. ಮರ್ಲ್‌ನ ಕಿತಾಪತಿ ಅಂದುಕೊಂಡ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಆಮೇಲೆ ಬೆಂಕಿಯ ಮುಂದೆ ಹೋಗಿ ಕೂತು, ಅದೇ ಕತೆ ಹೇಳಿದ. ಅಳಿಲು ಸೇರಿಸಿದ.

ಈಗ ರಾತ್ರಿ, ಕೈಪಂಪಿನ ಹತ್ತಿರ ನಿಂತು, ಮರ್ಲ್‌ನ ಗಾಡಿಯ ಬಾಗಿಲು ಮುಚ್ಚಿದ್ದನ್ನು ಕೇಳಿಸಿಕೊಂಡ. ಕ್ಲಿಕ್. ಅಂದರೆ ಮರ್ಲ್ ಒಳಗಿದ್ದಾನೆ.

ಟಪ್... ಟಪ್.

ಹತ್ತಿರ ಹೋದ. ಹಿಂದಿನ ತಗಡಿನ ಮುಂದೆ ಯಾರೂ ಇಲ್ಲ. ಕತ್ತಲು. ಸೊಳ್ಳೆಯ ಗುಂಯ್.

ಒಳಗೆ ಹೋಗಿ ಚಿಲಕ ಹಾಕಿಕೊಂಡು ಮಲಗಿದ. ಮಂಚ ಇರುವುದು ಗಾಡಿಯ ಹಿಂಭಾಗದಲ್ಲಿ. ತಲೆಗೂ ತಗಡಿಗೂ ನಡುವೆ ಒಂದು ದಿಂಬು ಮಾತ್ರ.

ಟಪ್... ಟಪ್.

ಜೋರಾಗಿ ಅಲ್ಲ. ಸಿಟ್ಟಿನಿಂದಲೂ ಅಲ್ಲ. ಅದೇ ಅವನಿಗೆ ಹೆಚ್ಚು ಕಷ್ಟವಾದದ್ದು. ಇನ್ನೂ ಸ್ವಲ್ಪ ಜಾಗ ಇದೆ, ಈಗ ನಿಲ್ಲಿಸಿದರೆ ಸಾಕು, ಅನ್ನುವ ಹಾಗಿತ್ತು.

"ಆರ್ಡಿಸ್," ಅಂತ ಪಿಸುಗುಟ್ಟಿದ.

ಸದ್ದಿಲ್ಲ.

"ನಾಳೆ ಹೇಳ್ತೀನಿ ಕಣೇ. ಎಲ್ಲರ ಮುಂದೆ ಹೇಳ್ತೀನಿ."

ಸದ್ದಿಲ್ಲ... ಆ ರಾತ್ರಿ ಮತ್ತೆ ಸದ್ದಾಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಮರ್ಲ್ ಕೆರೆಯಿಂದ ವಾಲೈ ಮೀನು ಹಿಡಿದು ತಂದ. ಅವನ ಹೆಂಡತಿ ಲವೋನ್ ದೊಡ್ಡ ಬಾಣಲೆಯಲ್ಲಿ ಕರಿದಳು. ಚರ್ರ್ ಅಂತ ಎಣ್ಣೆ. ಉದ್ದ ಮೇಜಿನ ಸುತ್ತ ಸಾಲಿನವರೆಲ್ಲ ಸೇರಿದರು. ವೆರ್ಲಿನ್ ಬೆಳಗಿನಿಂದ ಮಾತು ಜೋಡಿಸಿಕೊಂಡಿದ್ದ. ದೊಡ್ಡದೇನಲ್ಲ. ಅವಳು ಹೊಡೆದಿದ್ದಳು, ನನಗೆ ಕೇಳಿಸಿತ್ತು. ಇಷ್ಟೇ ಹೇಳಬೇಕಾದದ್ದು. ಇದನ್ನು ಮೀನು ತಿನ್ನುತ್ತಲೂ ಹೇಳಬಹುದು.

"ವೆರ್ಲಿನ್, ಆ ನಲ್ಲಿ ವಿಷಯ..." ಅಂತ ತಾನೇ ಶುರು ಮಾಡಿದ. ಅಂದರೆ, "ನಿಮಗೆಲ್ಲ ಆ ನಲ್ಲಿ ವಿಷಯ ಒಂದು ಹೇಳಬೇಕು," ಅನ್ನಬೇಕಾದವನು ಗಾಬರಿಯಲ್ಲಿ ತನ್ನ ಹೆಸರನ್ನು ತಾನೇ ಕರೆದುಕೊಂಡ.

ಅಷ್ಟಕ್ಕೇ ಜನ ನಕ್ಕರು.

"ಹೇಳು ಹೇಳು! ಈ ಕಡೆಯವರು ನಿನ್ನೆ ಇರಲಿಲ್ಲ, ಕೇಳೇ ಇಲ್ಲ!" ಮರ್ಲ್ ಚಮಚದಿಂದ ಮೇಜು ಕುಟ್ಟಿದ. "ಅಳಿಲು ಬಿಡಬೇಡ!"

ಮುಖಗಳೆಲ್ಲ ತಿರುಗಿದವು. ಎಲ್ಲ ಮುಖದಲ್ಲೂ ನಗು ಅರ್ಧ ತಯಾರಾಗಿ ಕೂತಿತ್ತು. ವೆರ್ಲಿನ್ ಬಾಯಿ ತೆರೆದ. ತೆರೆದರೆ, ಬಂದದ್ದು ಮರಕುಟಿಗ. ಬಂದದ್ದು ಜೇಬಿನಲ್ಲಿಟ್ಟ ಕೈ. ಅವನ ನಾಲಿಗೆ ಹಳೇ ಗಾಲಿ ಜಾಡಿನಲ್ಲಿ ತಾನೇ ಉರುಳಿತು, ಅವನು ಪಕ್ಕದಲ್ಲಿ ಕೂತು ನೋಡುತ್ತಿದ್ದ ಹಾಗೆ. ನೀರು ಚಿಮ್ಮುವ ಜಾಗಕ್ಕೆ ಬಂದಾಗ ಎದ್ದು ನಿಂತು ಆರ್ಡಿಸ್ ಕೂಗಿದ ಹಾಗೆ ಕೂಗಿಯೂ ಬಿಟ್ಟ. ಮೇಜು ಅಲ್ಲಾಡುವಷ್ಟು ನಗು.

ಲವೋನ್ ಒಬ್ಬಳು ನಗಲಿಲ್ಲ. ಬಾಣಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು.

ಊಟವಾದ ಮೇಲೆ ತಟ್ಟೆ ತೊಳೆಯುವಾಗ ಅವಳು ಅವನ ಪಕ್ಕ ಬಂದು ನಿಂತಳು. ತಟ್ಟೆಯ ಮೇಲೆಯೇ ಕಣ್ಣಿಟ್ಟು ಮಾತಾಡಿದಳು.

"ವೆರ್ಲಿನ್, ಒಂದು ಮಾತು. ಬೇಜಾರಾದರೆ ಆಗಲಿ."

"ಏನು?"

"ನಲ್ಲಿ ಮುರಿದ ಆ ಸಂಜೆ ಸ್ನಾನದ ಮನೆಯಲ್ಲಿ ನಾನಿದ್ದೆ. ಆರ್ಡಿಸ್ ತಣ್ಣೀರಿನ ಕೆಳಗೆ ಎರಡೂ ಅಂಗೈ ಹಿಡ್ಕೊಂಡು ನಿಂತಿದ್ದಳು. ಕೆಂಪಗೆ ಊದಿತ್ತು, ಬೀಟ್‌ರೂಟ್ ಹಾಗೆ. ಏನಾಯ್ತೇ ಅಂದೆ. ಏನಿಲ್ಲ ಅಂದಳು."

ವೆರ್ಲಿನ್ ಕೈಯಲ್ಲಿದ್ದ ತಟ್ಟೆಯಿಂದ ನೀರು ಸೋರಿ ಬೂಟಿನ ಮೇಲೆ ಬೀಳುತ್ತಿತ್ತು.

"ಜೇಬಿನಲ್ಲಿಟ್ಟ ಕೈ ಊದುತ್ತೇನೋ?" ಅಂದಳು ಲವೋನ್.

"ನೀನು ಯಾಕೆ ಇಷ್ಟು ದಿನ..."

"ನಾನೂ ಚಪ್ಪಾಳೆ ಹೊಡೆದಿದೀನಿ. ಯಾವ ಮುಖ ಇಟ್ಕೊಂಡು ಹೇಳಲಿ?" ಅಂತ ಹೇಳಿ ತಟ್ಟೆಗಳನ್ನು ಎತ್ತಿಕೊಂಡು ಹೋದಳು.

ಆ ಸಂಜೆ ವೆರ್ಲಿನ್ ಜಾಗ ಬದಲಿಸಬೇಕಿತ್ತು. ಬೇಸಿಗೆಯ ವಾರದ ಕೊನೆಗೆ ಅಲ್ಲಿ ಹಾಗೆಯೇ. ಒಂದೇ ಜಾಗ ಎರಡು ರಾತ್ರಿ ಸಿಗುವುದು ಪುಣ್ಯ. ಇವನಿದ್ದ ಜಾಗವನ್ನು ಬೇರೆ ಯಾರೋ ಮೊದಲೇ ಕಾದಿರಿಸಿದ್ದರು. ಇವನಿಗೆ ಉಳಿದದ್ದು ಸಾಲಿನ ಕೊನೆಯ ಜಾಗ. ಆ ಜಾಗವೇ. ಮುರಿದ ಕಂಬದ ಬದಲಿಗೆ ಹೊಸ ನಲ್ಲಿ ಕಂಬ ನೆಟ್ಟಿದ್ದರು, ಸುತ್ತ ಹಳದಿ ಬಣ್ಣ ಬಳಿದಿದ್ದರು. ವರ್ಷಾನುಗಟ್ಟಲೆ ಅಲ್ಲಿ ನಿಲ್ಲಿಸದೆ ತಪ್ಪಿಸಿಕೊಂಡಿದ್ದ.

ಎಲ್ಲರ ಕಣ್ಣ ಮುಂದೆ ಅಲ್ಲಿಗೆ ಗಾಡಿ ಬಿಡುವುದು ಅವನಿಂದಾಗದು. ಕೆರೆಯ ದಂಡೆಯ ರಸ್ತೆಯಲ್ಲಿ ಗಾಡಿ ನಿಲ್ಲಿಸಿಕೊಂಡು, ಕತ್ತಲಾಗಲಿ, ಜನ ಬೆಂಕಿಯ ಹತ್ತಿರ ಸೇರಲಿ, ಅಂತ ಕಳ್ಳನ ಹಾಗೆ ಕೂತ. ಕತ್ತಲಾಯಿತು. ಬೆಂಕಿಯ ಕಡೆಯಿಂದ ಮಾತು, ನಗು ಕೇಳಿಸಿತು. ಆಗ ಸಣ್ಣಗೆ ಇಂಜಿನ್ ಹಚ್ಚಿ ಬಂದ.

ಪಕ್ಕದ ಜಾಗದಲ್ಲಿ ಒಂದು ಸಣ್ಣ ವ್ಯಾನು ನಿಂತಿತ್ತು, ಸಂಜೆಯಷ್ಟೇ ಬಂದದ್ದು. ಒಬ್ಬಳೇ ಹೆಂಗಸು, ಜತೆಗೊಂದು ಮುದಿ ನಾಯಿ. ಅವಳು ವ್ಯಾನಿನ ಮೆಟ್ಟಿಲ ಮೇಲೆ ಕೂತು ಸೂಪು ಕುಡಿಯುತ್ತಿದ್ದಳು. ವೆರ್ಲಿನ್ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಕಿಟಕಿಯ ಗಾಜು ಪೂರ್ತಿ ಇಳಿಸಿದ. ರೇಡಿಯೋ ಆರಿಸಿದ. ಹಿಂದಕ್ಕೆ ಬಿಟ್ಟ. ಜಲ್ಲಿ ಕಲ್ಲು ಟಯರಿನ ಕೆಳಗೆ ಕರಕರ... ಕರಕರ... ಕನ್ನಡಿಯಲ್ಲಿ ಬರೀ ಕಪ್ಪು.

ನಿಲ್ಲಿಸಿ ಕಿವಿಗೊಟ್ಟ.

ಏನೂ ಇಲ್ಲ. ಇನ್ನೂ ಜಾಗ ಇದೆ ಅಂತಾಯಿತು.

ಇನ್ನಷ್ಟು ಬಿಟ್ಟ. ಕರಕರ...

"ಹೊಡಿಯೇ," ಅಂತ ಪಿಸುಗುಟ್ಟಿದ. "ಈ ಸಲ ನಿಲ್ಲಿಸ್ತೀನಿ. ಆಣೆ."

ಏನೂ ಇಲ್ಲ. ಉಸಿರು ಹಿಡಿದು ಕೇಳಿದ. ಕೆರೆಯ ಅಲೆ ದಂಡೆಗೆ ಚುಳುಕ್ ಅನ್ನುವುದು ಕೇಳಿಸಿತು. ಇಂಜಿನ್ನಿನೊಳಗೆ ಬಿಸಿ ಕಬ್ಬಿಣ ಟಿಕ್ ಅಂದದ್ದು ಕೇಳಿಸಿತು. ಎದೆ ಹೊಡೆದುಕೊಳ್ಳುವುದು ಕೇಳಿಸಿತು. ಆ ಏಟು ಮಾತ್ರ ಕೇಳಿಸಲಿಲ್ಲ. ಮಧ್ಯಾಹ್ನದ ಮರಕುಟಿಗ ಅವಳಿಗೂ ಸಾಕಾಗಿರಬೇಕು, ಹೋಗಿಬಿಟ್ಟಿದ್ದಾಳೆ, ಅಂದುಕೊಂಡ. ಕಣ್ಣು ಮಂಜಾಯಿತು. ಕಾಲು ಬ್ರೇಕಿನಿಂದ ತಾನಾಗಿಯೇ ಎದ್ದಿತು.

ಕಟಾರ್!

ಆಮೇಲೆ, ಶ್ಶ್ಶ್ಶ್... ಅಂತ ಆಕಾಶದಿಂದಲೇ ಬಿಚ್ಚಿದ ಹಾಗೆ ನೀರು.

ಬೆಂಕಿಯ ಕಡೆಯಿಂದ ಟಾರ್ಚುಗಳು ಓಡಿ ಬಂದವು. ನೀರು ಮೇಲಿನ ಮರದ ಎಲೆಗಳವರೆಗೂ ಹಾರಿ ಗಾಡಿಯ ಹಿಂದಿನ ತಗಡಿನ ಮೇಲೆ ಅಪ್ಪಳಿಸುತ್ತಿತ್ತು. ವೆರ್ಲಿನ್ ಕೆಳಗಿಳಿದು ನಿಂತಿದ್ದ. ಟಾರ್ಚುಗಳೆಲ್ಲ ಅವನ ಮುಖಕ್ಕೆ ಬಿದ್ದವು. ಯಾರಿಗೆ ನಗು ಮೊದಲು ಬಂತೋ ಗೊತ್ತಿಲ್ಲ.

"ಅದೇ ನಲ್ಲಿ! ಅದೇ ನಲ್ಲಿ ಕಣ್ರೋ!" ಮರ್ಲ್ ಬಗ್ಗಿ ಮೊಣಕಾಲು ಹಿಡಿದುಕೊಂಡಿದ್ದ. ಅವನ ಕೈಗೆ ಕೆಟ್ಟ ಅಭ್ಯಾಸ. ಎದ್ದು ನಿಂತು ಚಟ್ ಚಟ್ ಅಂತ ಎರಡು ಚಪ್ಪಾಳೆ ತಟ್ಟಿಯೇ ಬಿಟ್ಟ. "ಈ ಸಲ ಯಾರ ಮೇಲೆ ಹಾಕ್ತೀಯೋ? ಈ ಸಲ ಹೊಡೆಯೋಕೆ ಯಾರಿದ್ದರು?"

"ಮರ್ಲ್!" ಅಂದಳು ಲವೋನ್.

ಆಗ ವ್ಯಾನಿನ ಹೆಂಗಸು ನೀರಿನ ಆಚೆಯಿಂದ ಸುತ್ತಿಕೊಂಡು ಬಂದಳು. ಅವಳ ಹೆಸರು ರೆನಾಟಾ ಅಂತ ಆಮೇಲೆ ಗೊತ್ತಾಯಿತು. ಅರ್ಧ ಒದ್ದೆಯಾಗಿದ್ದಳು. ಕೈಯಲ್ಲಿ ಸೂಪಿನ ಬಟ್ಟಲು ಹಾಗೇ ಇತ್ತು. ಅವಳು ನೇರ ವೆರ್ಲಿನ್‌ಗೇ ಹೇಳಿದಳು. ದನಿ ನಡುಗುತ್ತಿತ್ತು, ಸಿಟ್ಟಿಗೆ.

"ಯಾಕ್ರೀ ನಿಲ್ಲಿಸಲಿಲ್ಲ ನೀವು? ಅವರು ಅಷ್ಟೊಂದು ಹೊಡೆದರಲ್ಲ!"

ನಗು ಅರ್ಧಕ್ಕೆ ನಿಂತಿತು.

"ಯಾರು?" ಅಂದ ಮರ್ಲ್.

"ಅವರೇ. ಹಿಂದೆ ನಿಂತಿದ್ದ ಆ ಕುಳ್ಳ ಅಮ್ಮ. ತೋಳು ಮಡಿಸ್ಕೊಂಡು ಎರಡೂ ಕೈಲಿ ಹೊಡೀತಿದ್ದರು. ಕೈ ಮುರಿದುಹೋಗುತ್ತೇನೋ ಅನ್ನೋ ಹಾಗೆ. ನಮ್ಮ ನಾಯಿ ಹೆದರಿ ವ್ಯಾನಿನ ಕೆಳಗೆ ಹೋಗಿ ಕೂತಿದೆ, ಬೇಕಾದರೆ ನೋಡಿ." ಸುತ್ತ ಕಣ್ಣಾಡಿಸಿದಳು. "ಅವರೆಲ್ಲಿ ಹೋದರು? ಅವರಿಗೇನೂ ಆಗಲಿಲ್ಲ ತಾನೆ?"

ಶ್ಶ್ಶ್ಶ್... ನೀರು ಮಾತ್ರ.

ಟಾರ್ಚುಗಳು ಒಂದೊಂದಾಗಿ ನೆಲಕ್ಕೆ ಇಳಿದವು. ಮರ್ಲ್ ತನ್ನ ಎರಡು ಕೈಗಳನ್ನೂ ಎಲ್ಲಿಡಬೇಕೋ ತಿಳಿಯದೆ ಬೆನ್ನ ಹಿಂದೆ ಇಟ್ಟುಕೊಂಡ. ಆಮೇಲೆ, ಬಹಳ ಸಣ್ಣ ದನಿಯಲ್ಲಿ ಕೇಳಿದ.

"ವೆರ್ಲಿನ್... ನಿನಗೆ ಕೇಳಿಸ್ತೇನೋ?"

ಇಲ್ಲಿ ನಾನು ಒಂದು ಮಾತು ಸೇರಿಸಬೇಕು. ವೆರ್ಲಿನ್ ನನ್ನ ಅಡುಗೆಮನೆಯಲ್ಲಿ ಕೂತು ಇದನ್ನು ಹೇಳಿದಾಗ, ಬೈಬಲ್ ಮೇಲಲ್ಲ, ಜತೆಗೆ ತಂದಿದ್ದ ಆರ್ಡಿಸ್‌ಳ ಕಾಫಿ ಲೋಟದ ಮೇಲೆ ಕೈಯಿಟ್ಟು ಹೇಳಿದ: ಆ ರಾತ್ರಿ ಅವನಿಗೆ ಏನೂ ಕೇಳಿಸಿರಲಿಲ್ಲ. ಒಂದು ಏಟೂ ಇಲ್ಲ. ಕಿವಿ ಕಿತ್ತು ಕಿಟಕಿಯ ಆಚೆ ಇಟ್ಟ ಹಾಗೆ ಕೇಳುತ್ತಿದ್ದ, ಆದರೂ ಇಲ್ಲ. ಅವನು ಅಷ್ಟನ್ನೇ ಹೇಳಿದ್ದರೆ ಯಾರೂ ಅವನನ್ನು ಏನೂ ಅನ್ನುತ್ತಿರಲಿಲ್ಲ. ಕೇಳಿಸಲಿಲ್ಲ ಅನ್ನುವುದು ಈ ಸಲ ನಿಜವೇ ಆಗಿತ್ತು.

ಆದರೆ ಅವನು ರೆನಾಟಾಳ ಮುಖ ನೋಡಿದ. ಆ ಹೆಂಗಸು ಯಾರೋ. ಕತೆ ಕೇಳಿದವಳಲ್ಲ, ನಕ್ಕವಳಲ್ಲ, ಚಪ್ಪಾಳೆ ತಟ್ಟಿದವಳಲ್ಲ. ಹಿಂದೆ ನಿಂತಿದ್ದವಳಿಗೆ ಏನಾಯಿತೋ ಅಂತ ಕೇಳಿದವಳು ಅವಳೊಬ್ಬಳೇ.

"ಕೇಳಿಸ್ತು," ಅಂದ ವೆರ್ಲಿನ್.

"ಹಂಗಾದರೆ ಯಾಕೆ..."

"ಆವತ್ತೂ ಕೇಳಿಸ್ತು ಮರ್ಲ್. ಆವತ್ತೂ ಹೊಡೆದಳು. ಎಷ್ಟು ಸಲ ಹೊಡೆದಳು ಅಂತ ಗೊತ್ತಿಲ್ಲ, ಗುದ್ದೋವರೆಗೂ ಹೊಡೀತಾನೇ ಇದ್ದಳು. ನಾನು ನಿಲ್ಲಿಸಲಿಲ್ಲ. ಮರಕುಟಿಗ ಇರಲಿಲ್ಲ. ಯಾವ ಹಕ್ಕಿನೂ ಇರಲಿಲ್ಲ."

ಯಾರೋ ಕೆಮ್ಮಿದರು. ವೆರ್ಲಿನ್ ತಲೆ ಎತ್ತಲಿಲ್ಲ. ಕಣ್ಣು ಅವನ ಬೂಟಿನ ಮೇಲಿತ್ತು. ಬೂಟಿನ ಸುತ್ತ ನೀರು ನಿಂತಿತ್ತು.

"ಅವಳು ಮರೆತಿರಲಿಲ್ಲ," ಅಂದ.

ರೇಂಜರ್ ಬಂದು ಎಲ್ಲೋ ಒಂದು ಕೀಲಿ ತಿರುಗಿಸಿದ. ನೀರು ಕುಗ್ಗಿ, ಗುಳುಗುಳು ಅಂದು, ನಿಂತಿತು. ಜನ ಒಬ್ಬೊಬ್ಬರಾಗಿ ಹಿಂದಿರುಗಿದರು. ಮರ್ಲ್ ಹೋಗುವಾಗ ವೆರ್ಲಿನ್‌ನ ಭುಜ ಮುಟ್ಟಬೇಕು ಅಂತ ಕೈ ಎತ್ತಿ, ಮತ್ತೆ ಇಳಿಸಿದ. ಲವೋನ್ ನಿಂತಳು. ಅವಳ ಟಾರ್ಚು ಗಾಡಿಯ ಹಿಂದಿನ ತಗಡಿನ ಮೇಲಿತ್ತು.

"ವೆರ್ಲಿನ್," ಅಂದಳು. "ಇಲ್ಲಿ ಬಾ."

ಅಷ್ಟು ಹೊತ್ತು ನೀರು ಅಪ್ಪಳಿಸಿದ ತಗಡು. ದಾರಿಯ ಧೂಳೆಲ್ಲ ತೊಳೆದು, ಮೇಲಿನಿಂದ ಕೆಳಗಿನವರೆಗೂ ಹೊಳೆಯುತ್ತಿತ್ತು. ಎರಡು ಜಾಗ ಬಿಟ್ಟು. ಕುಳ್ಳ ಹೆಂಗಸಿನ ಎದೆಯ ಎತ್ತರಕ್ಕೆ, ಪಕ್ಕ ಪಕ್ಕ, ಅಂಗೈ ಅಗಲದ ಎರಡು ಜಾಗ. ಅಲ್ಲಿ ಧೂಳು ಹಾಗೆಯೇ ಇತ್ತು. ಒಂದು ಹನಿಯೂ ಸೋಕಿರಲಿಲ್ಲ.

ವೆರ್ಲಿನ್ ಈಗಲೂ ಬೇಸಿಗೆಗೆ ಆ ಕೆರೆಗೆ ಹೋಗುತ್ತಾನೆ, ಒಂದು ಸಣ್ಣ ಡೇರೆ ತೆಗೆದುಕೊಂಡು. ನಲ್ಲಿ ಕತೆ ಹೇಳು ಅಂದರೆ ಹೇಳುತ್ತಾನೆ, ನಡೆದ ಹಾಗೆ. ಯಾರೂ ನಗುವುದಿಲ್ಲ.

ಗಾಡಿ ನನ್ನ ಕೊಟ್ಟಿಗೆಯ ಹಿಂದೆ ನಿಂತಿದೆ. ಬಿಸಿಲಿನ ದಿನ ಬಂದರೆ ನಿಮಗೆ ಏನೂ ಕಾಣಿಸುವುದಿಲ್ಲ, ಒಂದು ಸೊಟ್ಟ ಬಂಪರ್ ಬಿಟ್ಟು. ಮಳೆ ಬಂದಾಗ ಬನ್ನಿ. ನೀರು ನಿಲ್ಲದಿರಲಿ ಅಂತ ನಾನೇ ಅಲ್ಲಿ ಮೇಣ ತಿಕ್ಕಿದ್ದೇನೆ ಅಂತ ನನ್ನ ಹೆಂಡತಿ ಎಲ್ಲರಿಗೂ ಹೇಳಿಕೊಂಡು ಬರುತ್ತಾಳೆ. ಕಪ್ಪೆಯ ಆಣೆಗೂ ತಿಕ್ಕಿಲ್ಲ. ಮೊನ್ನೆ ರಾತ್ರಿ ಜೋರು ಮಳೆಯಲ್ಲಿ ಕೊಡೆ ಹಿಡಿದು ಹೋಗಿ, ಆ ಎರಡು ಜಾಗದ ಮೇಲೆ ನನ್ನ ಎರಡು ಕೈ ಇಟ್ಟು ನೋಡಿದೆ.

ಒಣಗಿತ್ತು... ಬಿಸಿಯಾಗಿತ್ತು.